ಐದು ಮನೆಗೆ ಸ್ವಲ್ಪ ಮೇಲೆ

ಹಾಡಿನ ಮೇಷ್ಟ್ರಿಗೆ, ಡಬ್ಬದ ನಾಗೇಶನ ನಮಸ್ಕಾರ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಎಂದಿನ ಹಾಗೆ ಸುತ್ತಿ ಬಳಸಿ ಬೇರೆ ಕಡೆ ಹೊರಟುಬಿಡುತ್ತೇನೆ. ನಿಮ್ಮ ಕಿವಿ ಸರಿಯಾಗಿತ್ತು. ನಾನು ಮಾಡಿಕೊಟ್ಟ ಆಂಪ್ಲಿಫೈಯರಿನಲ್ಲಿ ಸದ್ದಿತ್ತು. ಅದು ನನಗೂ ಕೇಳಿಸಿತ್ತು. ಕೇಳಿಸಲಿಲ್ಲ ಅಂತ ನಿಮ್ಮ ಮನೆಯ ಹಾಲ್‌ನಲ್ಲಿ ಕೂತು ಸುಳ್ಳು ಹೇಳಿದೆ. ನೀವು ಹೋಗಿ ಎಂಟು ತಿಂಗಳಾದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇದ್ದಾಗ ಬಾಯಿ ಬಿಡದವನಿಗೆ ಈಗ ಎಲ್ಲಿಂದ ಧೈರ್ಯ ಬಂತೋ ಅಂತ ಕೇಳಬೇಡಿ. ನೀವು ತಿರುಗಿ ಬೈಯಲಾರಿರಿ ಅನ್ನುವುದೂ ಒಂದು ಕಾರಣ ಇರಬಹುದು.

ನೀವು ಮೊದಲ ಸಲ ನನ್ನ ಅಂಗಡಿಗೆ ಬಂದದ್ದು ನೆನಪಿದೆಯಾ? ಅಂಗಡಿ ಅಂದರೆ ಏನು, ಬಸವೇಶ್ವರನಗರದ ನಮ್ಮ ಮನೆಯಲ್ಲಿ ಕಾರು ನಿಲ್ಲಿಸುವ ಜಾಗ, ಪಕ್ಕದಲ್ಲೇ ಹಿಟ್ಟಿನ ಗಿರಣಿ. ನಂದಿನಿ ಲೇಔಟಿನಿಂದ ಬಸ್ಸು ಹಿಡಿದು ಬಂದವರು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಿರಿ. ನನ್ನ ಅಂಗಡಿಗೆ ಚಪ್ಪಲಿ ಬಿಟ್ಟು ಬಂದ ಗಿರಾಕಿ ಆಗ ನೀವೊಬ್ಬರೇ. ನಿಮ್ಮ ಗುರುಗಳ ಪಾಠದ ಹಳೇ ಕ್ಯಾಸೆಟ್ಟುಗಳನ್ನು ಯಾರೋ ಪೆನ್‌ಡ್ರೈವಿಗೆ ಹಾಕಿಕೊಟ್ಟಿದ್ದರು. "ಹಾಡು ಶುರುವಾಗೋ ಮುಂಚೆ ಬರೀ ತಂಬೂರಿ ಮೀಟ್ತಾ ಇರ್ತಾರಲ್ಲ ನಾಗೇಶ, ಅಷ್ಟು ಹೊತ್ತು ನನಗೆ ಚೆನ್ನಾಗಿ ಕೇಳಿಸಿದ್ರೆ ಸಾಕು," ಅಂದಿರಿ. ನಾನು ಸುಮ್ಮನೆ ಹೂಂ ಅನ್ನಬಹುದಿತ್ತು. ಗೋಡೆಯ ಕರೆಂಟು ಹಾಗೇ ಒಳಗೆ ಬಂದರೆ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತದೆ, ಅದನ್ನು ಸೋಸಿ ಕೊಡುವುದೇ ಪವರ್ ಸಪ್ಲೈ, ಎಲ್ಲರೂ ಅಲ್ಲೇ ಕೈ ಬಿಗಿ ಹಿಡಿಯುತ್ತಾರೆ, ನಾನು ಮಾತ್ರ ರಾಜಾಜಿನಗರದ ಶೆಡ್ಡಿನಲ್ಲಿ ವರ್ಷಗಟ್ಟಲೆ ಟ್ರಾನ್ಸ್‌ಫಾರ್ಮರ್ ಸುತ್ತಿದವನು ಅಂತೆಲ್ಲ ಭಾಷಣ ಬಿಗಿದೆ. "ಆನ್ ಇದ್ಯೋ ಆಫ್ ಇದ್ಯೋ ಗೊತ್ತಾಗ್ಬಾರ್ದು, ಹಾಗೆ ಮಾಡ್ಕೊಡ್ತೀನಿ ಮೇಷ್ಟ್ರೇ." ನೀವು ನಂಬಿದಿರಿ.

ಕಟ್ಟುವಾಗ ಒಂದು ತಂತಿ ಎರಡು ಬೆರಳಷ್ಟು ಗಿಡ್ಡವಾಯಿತು. ಕರೆಂಟನ್ನು ಸೋಸುವ ದಪ್ಪ ಕೆಪಾಸಿಟರುಗಳಿವೆಯಲ್ಲ, ಹಾಡು ಬರುವ ತಂತಿಯ ಜೊತೆಗಿರುವ ಅರ್ತ್ ತಂತಿಯನ್ನು ಅವುಗಳನ್ನು ದಾಟಿದ ಮೇಲೆ ಬೆಸೆಯಬೇಕು. ಅವಕ್ಕಿಂತ ಈಚೆಗೆ ಬೆಸೆದರೆ ಸೋಸದ ಕರೆಂಟಿನ ಏಟು ಹಾಡಿನ ಮೇಲೇ ಬೀಳುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಬೇರೆ ತಂತಿ ಎಳೆಯಬೇಕು ಅಂದರೆ ಅಂಟು ಹಾಕಿ ಕೂರಿಸಿದ್ದ ಕೆಪಾಸಿಟರುಗಳನ್ನೆಲ್ಲ ಎಬ್ಬಿಸಬೇಕಿತ್ತು. ಸೋಮಾರಿತನ, ಇನ್ನೇನು? ಈಚೆಗೇ ಬೆಸೆದು ಸ್ಪೀಕರಿಗೆ ಕಿವಿಯಿಟ್ಟೆ. ಏನೂ ಕೇಳಿಸಲಿಲ್ಲ. ಪಕ್ಕದಲ್ಲಿ ಗಿರಣಿ ಓಡುತ್ತಿತ್ತು. ಮುಚ್ಚಳ ಹಾಕಿ ಸ್ಕ್ರೂ ಬಿಗಿದುಬಿಟ್ಟೆ.

ಆಂಪ್ಲಿಫೈಯರ್ ಡಬ್ಬವನ್ನು ನಿಮ್ಮ ಮನೆಗೆ ತಂದ ದಿನ ನೀವು ಮಾಡಿದ ಮೊದಲ ಕೆಲಸ ಫ್ಯಾನ್ ಆರಿಸಿದ್ದು. ಆಮೇಲೆ ಕಿಟಕಿ ಮುಚ್ಚಿದಿರಿ. ಗೋಡೆಯ ಗಡಿಯಾರವನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟು ಬಂದಿರಿ. ಇಷ್ಟೆಲ್ಲಾ ಯಾಕೆ ಅಂತ ನನಗೆ ಒಳಗೊಳಗೇ ನಗು. ತಂಬೂರಿ ಶುರುವಾದಾಗ ನಿಮ್ಮ ಮುಖ ಅರಳಿತು, ಆಮೇಲೆ ನಿಧಾನಕ್ಕೆ ಹುಬ್ಬು ಗಂಟಾಯಿತು. "ಏನೋ ಇದೆ ನಾಗೇಶ," ಅಂದಿರಿ. "ಹೊಸದಲ್ವಾ ಮೇಷ್ಟ್ರೇ, ಒಂದು ವಾರ ಓಡ್ಲಿ, ಸರಿಹೋಗುತ್ತೆ," ಅಂದೆ. ವಾರ ಓಡಿಸಿದರೆ ಬೆಸುಗೆ ತಾನಾಗಿ ಜಾಗ ಬದಲಾಯಿಸುತ್ತದೆಯೇ?

ವಾರ ಕಳೆದು ಫೋನ್ ಮಾಡಿದಿರಿ. ಹಾರ್ಮೋನಿಯಂ ಮುಂದಿಟ್ಟುಕೊಂಡು ಆ ಸದ್ದಿನ ಶ್ರುತಿ ಯಾವುದು ಅಂತ ಹುಡುಕಿದ್ದಿರಿ. "ಐದು ಮನೆಗೆ ಸ್ವಲ್ಪ ಮೇಲೆ ಕಣಪ್ಪ. ಐದೂವರೆ ಮುಟ್ಟಿಲ್ಲ. ನಮ್ಮ ಗುರುಗಳ ತಂಬೂರಿ ಪಂಚಮ ಸರಿಯಾಗಿ ಐದೂವರೇಲಿದೆ, ಇದು ಅದರ ಪಕ್ಕ ಕೂತು ಉಜ್ತಾ ಇದೆ," ಅಂದಿರಿ. ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕ, ಅಂದರೆ ಯಾವ ಕೀಲಿಗೆ ಯಾವ ಶ್ರುತಿ ಅನ್ನುವುದು, ನನಗೆ ತಿಳಿಯದು. "ನಿಮ್ಮ ಫ್ರಿಜ್ಜಿರ್ಬೇಕು ನೋಡಿ ಮೇಷ್ಟ್ರೇ," ಅಂತ ತೇಲಿಸಿಬಿಟ್ಟೆ. ಆದರೆ ಕರೆಂಟಿನ ಲೆಕ್ಕ ನನ್ನದೇ ಅಲ್ಲವಾ? ಅದು ಸೆಕೆಂಡಿಗೆ ಐವತ್ತು ಸಲ ಅಲುಗುತ್ತದೆ, ಡಯೋಡು ದಾಟಿದರೆ ನೂರು. ನೂರಕ್ಕೆ ಬರುವ ಸ್ವರ ಯಾವುದು ಅಂತ ಅವತ್ತೇ ಒಂದು ಸಲ ಯಾರನ್ನಾದರೂ ಕೇಳಿದ್ದರೆ, ಐದು ಮನೆಗೆ ಸ್ವಲ್ಪ ಮೇಲೆ ಅಂತಲೇ ಹೇಳುತ್ತಿದ್ದರು. ಆಮೇಲೆ ನಿಮ್ಮ ಕಿವಿಯ ಮೇಲೆ ತಪ್ಪು ಹೊರಿಸುವ ಮುಂಚೆ, ವಯಸ್ಸಾದ ಕಿವಿ ತನ್ನಷ್ಟಕ್ಕೆ ಮೊರೆಯುವಾಗ ಇಷ್ಟು ಕರಾರುವಾಕ್ಕಾಗಿ ಅಲ್ಲೇ ಹೋಗಿ ಕೂರುತ್ತದೆಯೇ ಅಂತ ಯೋಚಿಸಿದ್ದರೆ...

ಕೆಂಗೇರಿಯ ಗಿರಾಕಿಯನ್ನು ನಿಮ್ಮ ಮನೆಗೆ ಕರೆದುಕೊಂಡು ಬಂದೆನಲ್ಲ, ಆ ಭಾನುವಾರದ್ದೇ ಅಸಲು ವಿಷಯ. ಅವರಿಗೂ ಒಂದು ಡಬ್ಬ ಬೇಕಿತ್ತು, ನಾನು ಕಟ್ಟಿದ್ದನ್ನು ಒಮ್ಮೆ ಕೇಳಬೇಕು ಅಂದರು. ನಿಮ್ಮ ಬೀದಿ ನಿಶ್ಶಬ್ದ, ನೀವು ಮರ್ಯಾದಸ್ಥರು, ಅಲ್ಲಿಗಿಂತ ಒಳ್ಳೇ ಜಾಗ ಯಾವುದು ಅಂದುಕೊಂಡೆ. ನೀವು ಎಂದಿನಂತೆ ಫ್ಯಾನ್ ಆರಿಸಿದಿರಿ. "ಈಗ ಕೇಳು," ಅಂತ ನನ್ನನ್ನು ಸ್ಪೀಕರಿನ ಮುಂದೆ ಕೂರಿಸಿದಿರಿ. ಕೇಳಿಸಿತು ಮೇಷ್ಟ್ರೇ. ಸಣ್ಣಗೆ, ಒಂದೇ ಸಮ. ಯಾವ ತಂತಿ ಅಂತಲೂ ಆ ಕ್ಷಣವೇ ಗೊತ್ತಾಯಿತು. ಗಿರಾಕಿ ನನ್ನ ಮುಖವನ್ನೇ ನೋಡುತ್ತಿದ್ದರು.

"ನನಗೇನೂ ಕೇಳಿಸ್ತಿಲ್ವಲ್ಲ ಮೇಷ್ಟ್ರೇ," ಅಂದೆ.

"ನಂಗೂ ಇಲ್ಲ ಸಾರ್, ಸೂಪರಾಗಿದೆ," ಅಂದರು ಅವರು.

ಅಲ್ಲಿಗೆ ಬಿಟ್ಟಿದ್ದರೂ ಒಂದು ಮಾತಿತ್ತು. ನಿಮ್ಮ ಹೆಗಲ ಮೇಲೆ ಕೈ ಹಾಕಿ, ದೊಡ್ಡ ಮನುಷ್ಯನ ಹಾಗೆ, "ವಯಸ್ಸಾದ್ಮೇಲೆ ಕಿವೀಲೇ ಗುಂಯ್ ಅನ್ನೋದು ಶುರುವಾಗುತ್ತೆ ಮೇಷ್ಟ್ರೇ, ಒಂದ್ಸಲ ತೋರಿಸ್ಕೊಳ್ಳಿ," ಅಂದೆ. ನಿಮ್ಮ ಮಗಳು ರೂಪ ಕಾಫಿ ತಂದವರು, "ಅಪ್ಪ, ನಾಗೇಶಣ್ಣ ದಿನಾ ಇದೇ ಕೆಲಸ ಮಾಡೋರು, ಅವ್ರಿಗೆ ಗೊತ್ತಾಗಲ್ವಾ?" ಅಂದರು. ನೀವು ಬಲಗಿವಿಯ ಹಿಂದೆ ಬೆರಳಿಟ್ಟುಕೊಂಡಿರಿ. ಆಮೇಲೆ "ಹಾಗೂ ಇರಬಹುದು" ಅಂದು ನೀವೇ ಎದ್ದು ಫ್ಯಾನ್ ಹಾಕಿದಿರಿ.

ಮತ್ತೆ ನೀವು ಸಿಕ್ಕಿದ್ದು ರಾಜಾಜಿನಗರದ ದರ್ಶಿನಿ ಹೋಟೆಲೊಂದರಲ್ಲಿ, ಕಾಫಿ ಕುಡಿಯುವಾಗ. ನನ್ನನ್ನು ನೋಡಿ ಖುಷಿಪಟ್ಟಿರಿ. ಅದನ್ನು ನೆನೆಸಿಕೊಂಡರೆ ಈಗಲೂ ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸುತ್ತದೆ. "ಡಾಕ್ಟ್ರು ವಯಸ್ಸಿಗೆ ತಕ್ಕ ಹಾಗಿದೆ ಅಂದ್ರು ಕಣಪ್ಪ, ಔಷಧಿ ಏನೂ ಇಲ್ವಂತೆ. ನೀನು ಹೇಳಿದ್ದು ಒಳ್ಳೇದಾಯ್ತು. ಪಾಠ ನಿಲ್ಲಿಸ್ಬಿಟ್ಟೆ. ತಂಬೂರೀನೂ ಈಗ ರೂಪಾನೇ ಶ್ರುತಿ ಮಾಡ್ತಾಳೆ. ಕಿವಿ ನೆಚ್ಚಿಕೊಳ್ಳೋಕಾಗ್ದೋನು ಮಕ್ಕಳಿಗೆ ಏನು ತಿದ್ದೋದು, ಹೇಳು?" ಅಂದಿರಿ. ನಾನು "ಮೇಷ್ಟ್ರೇ, ಅವತ್ತು..." ಅಂದೆ. ನಿಜವಾಗಿ ಅಂದೆ, ನಂಬಿ. "ಏನಪ್ಪ?" ಅಂತ ನೀವು ಲೋಟ ಕೆಳಗಿಟ್ಟು ನನ್ನ ಕಡೆ ಬಾಗಿದಿರಿ. ಸರಿಯಾಗಿ ಕೇಳಿಸಲಿ ಅಂತ ಬಾಗಿದಿರಿ. "ಏನಿಲ್ಲ, ಸಕ್ಕರೆ ಕಮ್ಮಿಯಾಯ್ತು," ಅಂದುಬಿಟ್ಟೆ. ನೀವು ಹೋಗಿ ನನಗೆ ಸಕ್ಕರೆ ತಂದುಕೊಟ್ಟಿರಿ.

ಅದಾದ ಮೇಲೆ ಎರಡು ವರ್ಷ ನಂದಿನಿ ಲೇಔಟಿನ ಕಡೆ ಕೆಲಸವಿದ್ದರೂ ನಿಮ್ಮ ಬೀದಿ ತಪ್ಪಿಸಿ ಹೋದೆ. ಕೊನೆಗೆ ಬಂದದ್ದು ನಿಮ್ಮನ್ನು ಹಾಲ್‌ನಲ್ಲಿ ಮಲಗಿಸಿದ್ದ ದಿನ. ಡಬ್ಬದ ಮೇಲೆ ಬಟ್ಟೆ ಹೊದಿಸಿ ಮೂಲೆಗೆ ಸರಿಸಿದ್ದರು. ನಾನು ಅದಕ್ಕೆ ಬೆನ್ನು ಮಾಡಿ ಕೂತೆ.

ಹೋದ ತಿಂಗಳು ರೂಪ ಅದನ್ನು ಆಟೋದಲ್ಲಿ ಅಂಗಡಿಗೆ ತಂದರು. ಒಂದು ಸ್ಪೀಕರ್ ಸತ್ತುಹೋಗಿದೆ, ಅಪ್ಪನ ಪೆನ್‌ಡ್ರೈವ್ ಕೇಳಬೇಕು ಅಂದರು. ಅದು ಬಿಟ್ಟುಹೋದ ಬೆಸುಗೆ, ಐದು ನಿಮಿಷದ ಕೆಲಸ. ಆದರೆ ಮುಚ್ಚಳ ತೆಗೆದರೆ ಎದುರಿಗೇ ಆ ಗಿಡ್ಡ ತಂತಿ. ಗಿರಣಿಗೆ ರಜವಿದ್ದ ದಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಯಾಕೆ ಮಾಡಿಕೊಂಡೆ ಅಂತ ಆಗ ನನಗೂ ಸ್ಪಷ್ಟವಿರಲಿಲ್ಲ. ಆಮೇಲೆ ಕೆಪಾಸಿಟರುಗಳನ್ನು ಎಬ್ಬಿಸಿ, ಹೊಸ ತಂತಿ ಎಳೆದು, ಬೆಸೆಯಬೇಕಾದ ಕಡೆ ಬೆಸೆದೆ. ಅರ್ಧ ದಿನ ಹಿಡಿಯಿತು. ಅರ್ಧ ದಿನ, ಮೇಷ್ಟ್ರೇ.

ಡಬ್ಬವನ್ನು ನಿಮ್ಮ ಮನೆಗೆ ವಾಪಸ್ ಕೊಡಲು ಹೋದಾಗ ಬಾಯಿ ಮುಚ್ಚಿಕೊಂಡಿರೋಣ ಅಂತಲೇ ಇದ್ದೆ. ರೂಪ ನಿಮ್ಮ ಹಾಗೇ ಫ್ಯಾನ್ ಆರಿಸಿ ಕೂತರು. ಗುರುಗಳ ತಂಬೂರಿ ಬಂತು. ಸ್ವಲ್ಪ ಹೊತ್ತಿಗೆ ತಲೆಯೆತ್ತಿ, "ಏನೋ ನಿಂತುಹೋದ ಹಾಗಿದ್ಯಲ್ಲ ನಾಗೇಶಣ್ಣ. ಏನು ಮಾಡಿದ್ರಿ?" ಅಂದರು. ಇದ್ದಾಗ ಗಮನಿಸದಿದ್ದ ಸದ್ದು ಹೋದಾಗ ಅವರಿಗೆ ಗೊತ್ತಾಗಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ. ಗಿರಣಿಯಿಂದ ಹಿಡಿದು ದರ್ಶಿನಿಯ ಸಕ್ಕರೆಯ ತನಕ ಎಲ್ಲ ಹೇಳಿದೆ. ಆ ಸದ್ದು ಫೋನಿನಲ್ಲಿದೆ ಅಂತಲೂ ಹೇಳಿದೆ. ಅವರು ಫೋನು ಈಸಿಕೊಂಡು, ಇಯರ್‌ಫೋನ್ ಹಾಕಿಕೊಂಡು, ಹಾರ್ಮೋನಿಯಮ್ಮಿನ ಮೇಲೆ ಬೆರಳಾಡಿಸುತ್ತಾ ಹೋದರು. "ಐದು ಮನೆಗೆ ಸ್ವಲ್ಪ ಮೇಲೆ," ಅಂದರು. ನೀವು ಫೋನಿನಲ್ಲಿ ಹೇಳಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಅದೊಂದನ್ನು ಹೇಳಲು ಮರೆತಿದ್ದೆ.

ಆಮೇಲೆ ಅವರು ಇಯರ್‌ಫೋನ್ ತೆಗೆದು, ಗೋಡೆಗೆ ಒರಗಿಸಿದ್ದ ನಿಮ್ಮ ತಂಬೂರಿಯ ಕಡೆ ನೋಡುತ್ತಾ ಕೂತರು. "ನಾನು ಶ್ರುತಿ ಮಾಡಿದಾಗೆಲ್ಲ ಅಪ್ಪ, 'ಪಂಚಮ ಒಂಚೂರು ಇಳಿದಿದೆ ಅನ್ಸುತ್ತಮ್ಮ, ಇರ್ಲಿ ಬಿಡು, ನನ್ನ ಕಿವಿ ತಾನೇ' ಅಂತಿದ್ರು. ನಾನೂ ಬಿಟ್ಬಿಡ್ತಿದ್ದೆ. ಎರಡು ವರ್ಷ ನಾಗೇಶಣ್ಣ. ಹಾಗಾದ್ರೆ ಅದು ಇಳಿದೇ ಇತ್ತು ಅಲ್ವಾ?" ಅಂದರು. ಎರಡು ವರ್ಷ ತಪ್ಪು ಪಂಚಮ ಕೇಳಿಕೊಂಡು, ತಪ್ಪು ನಿಮ್ಮದೇ ಅಂದುಕೊಂಡು ಕೂತಿದ್ದಿರಿ. "ನೀವೀಗ ಹೊರಡಿ," ಅಂದರು ರೂಪ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೇಟು ಹಾಕುವಾಗ ಒಳಗೆ ಒಂದೇ ತಂತಿಯನ್ನು ಮತ್ತೆ ಮತ್ತೆ ಮೀಟುವುದು ಕೇಳಿಸುತ್ತಿತ್ತು.

ಇನ್ನು ಆ ಮನೆಯಿಂದ ಫೋನ್ ಬರಲಾರದು ಅಂದುಕೊಂಡಿದ್ದೆ. ಈ ಗುರುವಾರ ಬೆಳಗ್ಗೆ ಬಂತು. "ಡಬ್ಬದಲ್ಲಿ ಇನ್ನೂ ಏನೋ ಇದೆ. ಎಡಗಡೆ. ಮೊದಲಿನಷ್ಟಿಲ್ಲ, ಆದ್ರೆ ಇದೆ," ಅಂದರು ರೂಪ. ಆ ದನಿಯಲ್ಲಿ ಸಲಿಗೆ ಇರಲಿಲ್ಲ. ತಕ್ಷಣ ಹೋದೆ. ನಾನೇ ಫ್ಯಾನ್ ಆರಿಸಿದೆ, ಕಿಟಕಿ ಮುಚ್ಚಿದೆ, ಗಡಿಯಾರ ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿಟ್ಟೆ. ಎಡಗಡೆಯ ಸ್ಪೀಕರಿಗೆ ಕಿವಿ ಒತ್ತಿ, ಉಸಿರು ಬಿಗಿ ಹಿಡಿದು ಕೂತೆ. ಬಹಳ ಹೊತ್ತು ಕೂತೆ. ಈ ಸಲ ನನಗೆ ನಿಜವಾಗಿಯೂ ಏನೂ ಕೇಳಿಸಲಿಲ್ಲ ಮೇಷ್ಟ್ರೇ. ರೂಪ ಬಾಗಿಲ ಹತ್ತಿರ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು.

"ನನಗೆ ಕೇಳಿಸ್ತಿಲ್ಲಮ್ಮ," ಅಂದೆ. "ನಿಮಗೆ ಕೇಳಿಸ್ತಿದೆ ಅಂದ್ರೆ ಇದೆ. ತಗೊಂಡು ಹೋಗ್ತೀನಿ."

ಡಬ್ಬ ಈಗ ನನ್ನ ಮೇಜಿನ ಮೇಲೆ ಮುಚ್ಚಳ ತೆಗೆದು ಕೂತಿದೆ. ಟ್ರಾನ್ಸ್‌ಫಾರ್ಮರನ್ನು ಒಂದಿಷ್ಟು ತಿರುಗಿಸಿ ನೋಡಿದೆ, ಎಡಗಡೆಯ ತಂತಿಗಳನ್ನು ಅದರಿಂದ ದೂರ ಸರಿಸಿ ನೋಡಿದೆ. ಒಂದೊಂದು ಬದಲಾವಣೆಗೂ ರೂಪ ಬಂದು ಕೇಳಿ, ಇನ್ನೂ ಇದೆ ಅಂತ ಹೇಳಿ ಹೋಗುತ್ತಾರೆ. ಅವರು ಬರುವ ಹೊತ್ತಿಗೆ ಗಿರಣಿಯವರನ್ನು ಕೇಳಿಕೊಂಡು ಹತ್ತು ನಿಮಿಷ ಗಿರಣಿ ನಿಲ್ಲಿಸುತ್ತೇನೆ. ಸಾಕು ಅಂತ ರೂಪ ಅವರ ಬಾಯಲ್ಲಿ ಬರುವ ತನಕ ಮುಚ್ಚಳ ಹಾಕುವುದಿಲ್ಲ. ಇವತ್ತು ಹೋಗುವಾಗ ಹೊರಗೆ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಇವತ್ತು ಸ್ವಲ್ಪ ಕಮ್ಮಿಯಾಗಿದೆ," ಅಂದರು.

ನಿಮ್ಮ
ನಾಗೇಶ