ಸಂಪಿನ ನೀರು

ಮಾವನಿಗೆ,

ನೀವು ನಿಮ್ಮ ಬಾಡಿಗೆದಾರರಿಗೆ ಹೊಲಸು ನೀರು ಕುಡಿಸುತ್ತಿದ್ದೀರಿ. ಗೊತ್ತಿದ್ದೂ ಕುಡಿಸುತ್ತಿದ್ದೀರಿ. ಕಕ್ಕಸಿನ ಗುಂಡಿಯ ನೀರು ಸಂಪಿಗೆ ಇಳಿಯುತ್ತಿದೆ ಎಂದು ಕಾಲೇಜಿನಲ್ಲಿ ಪರೀಕ್ಷೆ ಮಾಡಿಸಿ ನಿಮಗೆ ಹೇಳಿದೆ. ನೀವು ಮಾಡಿಸಿದ್ದೇನು? ಮಹಡಿಯ ಮೇಲಿನ ಟ್ಯಾಂಕಿಗೆ ನೀಲಿ ಬಣ್ಣ ಬಳಿಸಿದಿರಿ.

ಆಮೇಲೆ ಮೆಟ್ಟಿಲ ಬಳಿ ನಿಂತು ಎಲ್ಲರೆದುರು ನಕ್ಕಿರಿ: “ಡಾಕ್ಟರ್ ಸೀಟು ಸಿಗ್ಲಿಲ್ಲ ಅಂತ ನಮ್ಮ ಹುಡುಗಿ ಕಕ್ಕಸು ಎಣಿಸೋ ಓದು ಓದ್ತಿದ್ದಾಳೆ. ಕರಪತ್ರ ಓದಿ ತಲೆ ಕೆಟ್ಟಿದೆ. ನೀವು ಆರಾಮಾಗಿ ಕುಡೀರಿ.” ನಿಮ್ಮ ಮಾತು ನಂಬಿ ಕೆಳಮನೆಯ ದರ್ಜಿ ನೀರು ಕುದಿಸುವುದನ್ನು ಬಿಟ್ಟರು. ಅವರ ಮಗಳು ಈಗ ಆಸ್ಪತ್ರೆಯಲ್ಲಿದ್ದಾಳೆ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ, ಡ್ರಿಪ್ ಹಾಕಿದ್ದಾರೆ.

ಹೌದು, ನಾನು ಓದುತ್ತಿರುವುದು ಸಾರ್ವಜನಿಕ ಆರೋಗ್ಯ. ಡ್ರಿಪ್ ಹಾಕಲು ನನಗೆ ಬರುವುದಿಲ್ಲ. ಆ ಮಗುವಿಗೆ ಅದು ಬೇಕಾಗದ ಹಾಗೆ ನೋಡಿಕೊಳ್ಳಬಹುದಿತ್ತು, ನೀವು ಬಿಟ್ಟಿದ್ದರೆ.

ನಿಮ್ಮ ಅಡುಗೆಮನೆಗೆ ಮಾತ್ರ ಕ್ಯಾನ್ ನೀರು ಬರುತ್ತಿದೆಯಂತೆ. ಅತ್ತೆಯೇ ಹೇಳಿದರು. ಅಂದರೆ ಇಡೀ ಕಟ್ಟಡದಲ್ಲಿ ನನ್ನ ಮಾತು ನಂಬಿದವರು ನೀವೊಬ್ಬರೇ!

ಸಂಪು ಖಾಲಿ ಮಾಡಿಸಿ, ಬಿರುಕು ಮುಚ್ಚಿಸಿ, ಕ್ಲೋರಿನ್ ಹಾಕಿಸಿ. ಅಲ್ಲಿಯವರೆಗೆ ಎಲ್ಲ ಮನೆಗೂ ಕ್ಯಾನ್ ನೀರು ತರಿಸಿ. ನಗರಸಭೆಯ ಆರೋಗ್ಯಾಧಿಕಾರಿಗೆ ಈಗಾಗಲೇ ದೂರು ಕೊಟ್ಟಿದ್ದೇನೆ. ಅವರನ್ನು ಕರೆದುಕೊಂಡು ಬರುತ್ತೇನೆ. ಅಮ್ಮನೂ ಬರುತ್ತಾಳೆ, ಆದರೆ ತಮ್ಮನ ಪರ ಮಾತಾಡಲು ಅಲ್ಲ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಪಿನ ಹತ್ತಿರ ಇರಿ.

ನಿಮ್ಮ ಅಕ್ಕನ ಮಗಳು