ಫ್ರಿಜ್ಜಿನಲ್ಲಿ ಲಗಾಮು

ಮಾರ್ಚ್ 3, 1998
ಹಾಲು ತೆಗೆಯಲು ಫ್ರಿಜ್ ತೆರೆದರೆ ಮತ್ತೆ ಅದೇ ನಾತ. ಬಂಗುಡೆಯ ಪಕ್ಕದಲ್ಲಿ ಒದ್ದೆ ಟವೆಲಿನ ಗಂಟು. ಒಳಗೆ ಅರ್ಧ ಹೆಣೆದ ಕುದುರೆ ಲಗಾಮು — ಹದ ಮಾಡದ ಹಸಿ ಚರ್ಮದ ಎಳೆಗಳದ್ದು. ರಾಸ್ ಅಲ್ ಖೋರಿನ ಕುದುರೆ ಜೀನು-ಲಗಾಮಿನ ವರ್ಕ್‌ಶಾಪಿನಲ್ಲಿ ದಿನವಿಡೀ ಮಾಡಿದ್ದು ಸಾಲದೆಂದು ಮನೆಗೂ ತರುತ್ತಾರೆ ನಮ್ಮ ಅಲೆಕ್ಸಾಂಡರ್. ನಾನು ಮದುವೆಯಾದದ್ದು ಗಂಡನನ್ನೋ ಕಸಾಯಿಖಾನೆಯನ್ನೋ...

ಸಂಜೆ ಚಹಾ ಆದ ಮೇಲೆ ನನ್ನ ಡ್ಯೂಟಿ. ನಾನು ತುದಿ ಹಿಡಿಯಬೇಕು, ಇವರು ಹೆಣೆದು ಹೆಣೆದು ಎಳೆಯಬೇಕು. ಇವತ್ತು ಎಳೆದ ರಭಸಕ್ಕೆ ಸೋಫಾದಿಂದಲೇ ಜಾರಿದೆ.

“ಮೊಳೆಗೆ ಕಟ್ಟಿ ಮಾರಾಯ್ರೇ, ನಾನ್ಯಾಕೆ?”

“ಮೊಳೆ ಬೈಯೂದಿಲ್ಲ ಅಲ್ವಾ ಬೆಟ್ಟಿ. ಬೋರಾಗ್ತದೆ.”

ಮಾರ್ಚ್ 5
ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು — “ಟವೆಲ್ ಆರಿದ್ರೆ ನೀರು ಚಿಮುಕಿಸು. ಒಣಗ್ಲಿಕ್ಕೆ ಬಿಡ್ಬೇಡ, ಒಣಗಿದ್ರೆ ಕಲ್ಲಾಗ್ತದೆ. ಸಂಜೆ ಬಂದು ಮುಗಿಸ್ತೇನೆ.”

ಮೀನಿಡಲು ಜಾಗವಿಲ್ಲ ಎಂದು ಗೊಣಗಿದೆ. ಆದರೂ ಚಿಮುಕಿಸಿದೆ. ಈಗ ಆರೂವರೆ. ಬರುವ ಹೊತ್ತು.

ಮಾರ್ಚ್ 9
ಇವರನ್ನು ಜೆಬೆಲ್ ಅಲಿಯ ಸ್ಮಶಾನದಲ್ಲಿ ಮಣ್ಣು ಮಾಡಿ ಬಂದೆವು. ಅವತ್ತೇ ವರ್ಕ್‌ಶಾಪಿನಲ್ಲಿ ಚಹಾ ಕುಡಿಯುತ್ತ ಕುಸಿದರಂತೆ. ಹಾರ್ಟ್.

ಎಲ್ಲರೂ ಹೋದ ಮೇಲೆ ಫ್ರಿಜ್ ತೆರೆದೆ. ಟವೆಲ್ ಆರುತ್ತ ಬಂದಿತ್ತು. ನೀರು ಚಿಮುಕಿಸಿದೆ.

ಮಾರ್ಚ್ 10
ಚಿಮುಕಿಸಿದೆ.

ಮಾರ್ಚ್ 14
ನಾತ ಹೆಚ್ಚಾಗಿದೆ. ಇವರ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವ ಇಸ್ಮಾಯಿಲ್ ಬಂದಿದ್ದ. ಗಂಟು ಬಿಚ್ಚಿ ಮೂಸಿದ.

“ಬೆಟ್ಟಿಯಕ್ಕ, ಕೊಳೀಲಿಕ್ಕೆ ಶುರುವಾಗಿದೆ. ಇನ್ನೂ ಒದ್ದೆ ಇಟ್ರೆ ಖಲಾಸ್. ಇವತ್ತೇ ಹೆಣೆದು ಒಣಗ್ಸಬೇಕು.”

“ಒಣಗ್ಲಿಕ್ಕೆ ಬಿಡ್ಬೇಡ ಅಂತ ಹೇಳಿ ಹೋಗಿದ್ದಾರೆ.”

“ಅವ್ರು ಹೇಳಿದ್ದು ಸಂಜೆವರೆಗೆ, ಅಕ್ಕ.”

ಅವನ ಮುಂದೆಯೇ ಅತ್ತುಬಿಟ್ಟೆ. ಎಷ್ಟು ಹೊತ್ತೆಂದು ಗೊತ್ತಿಲ್ಲ. ಪಾಪ, ತಲೆ ತಗ್ಗಿಸಿ ಕೂತಿದ್ದ.

ಆಮೇಲೆ ತಾನೇ ಮುಗಿಸಿಕೊಡುತ್ತೇನೆ ಎಂದ. ತುದಿ ನನ್ನ ಕೈಗೆ ಕೊಟ್ಟು ಒಂದು ಸುತ್ತು ಹೆಣೆದು ಎಳೆದ. ಒಳ್ಳೆಯ ಕೆಲಸಗಾರ, ತಪ್ಪೇನಿಲ್ಲ. ಆದರೆ ಎಳೆತ ಮೆತ್ತಗೆ, ಮರ್ಯಾದೆಯದು. ನನ್ನ ಕೈ ಅಲುಗಲಿಲ್ಲ. ಸೋಫಾದಲ್ಲಿ ಕೂತಲ್ಲೇ ಕೂತಿದ್ದೆ.

“ಸಾಕು ಇಸ್ಮಾಯಿಲ್. ಬಿಚ್ಚು.”

ಬಿಚ್ಚಿದ. ಇವರು ನಿಲ್ಲಿಸಿದಲ್ಲೇ ಗಂಟು ಹಾಕಿದ. ಯಾವ ಕುದುರೆಗೂ ಸಾಲದ ಲಗಾಮು. ಹೋಗುವಾಗ ಹೇಳಿದ, “ನೆರಳಲ್ಲಿ ಒಣಗ್ಸಿ ಅಕ್ಕ, ಬಿಸಿಲು ತಾಗಿದ್ರೆ ಸೀಳ್ತದೆ.”

ಬಾಲ್ಕನಿಯಲ್ಲಿ, ನೆರಳಿರುವ ಕಡೆ, ಬಟ್ಟೆ ಹಗ್ಗಕ್ಕೆ ಹಾಕಿದ್ದೇನೆ.

ಮಾರ್ಚ್ 15, ಬೆಳಿಗ್ಗೆ
ಆಗಾಗ ಹೋಗಿ ಮುಟ್ಟಿ ನೋಡುತ್ತಿದ್ದೇನೆ. ನಾನು ಹಿಡಿಯುತ್ತಿದ್ದ ತುದಿ ಆಗಲೇ ಗಟ್ಟಿಯಾಗಿದೆ, ಬಗ್ಗುವುದಿಲ್ಲ. ಇವರ ಕಡೆಯದು ಇನ್ನೂ ತಣ್ಣಗಿದೆ. ಮಧ್ಯಾಹ್ನದೊಳಗೆ ಅದೂ ಒಣಗುತ್ತದೆ.

ನೀರಿನ ಬಾಟಲಿ ಕೈಯಲ್ಲೇ ಇದೆ. ಒಂದೇ ಒಂದು ಸಲ ಚಿಮುಕಿಸಿದರೆ —