ಮುಲಾಮು ಒರೆಸಿ ಬಾ ಎನ್ನುವ ಯಂತ್ರ

ಹಾಜರಿ ಯಂತ್ರದ ಮೇಲಧಿಕಾರಿಗಳೇ,

ನಾಂಪಲ್ಲಿಯ ನಿಮ್ಮ ಕಚೇರಿಯಲ್ಲಿ ನೆಲ ಒರೆಸುವ, ಪಾಯಖಾನೆ ತೊಳೆಯುವ ನನ್ನ ಸೊಸೆ ಸುಭದ್ರಾ ದಿನವೂ ಕೆಲಸಕ್ಕೆ ಬರುತ್ತಾಳೆ. ನಿಮ್ಮ ಗೋಡೆಯ ಮೇಲಿನ ಹೆಬ್ಬೆರಳು ಒತ್ತುವ ಯಂತ್ರ ಮಾತ್ರ ಅವಳು ಬಂದೇ ಇಲ್ಲ ಎನ್ನುತ್ತದೆ. ಸೋಮವಾರವೂ ಹೆಬ್ಬೆರಳು ಹತ್ತದಿದ್ದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತೇವೆ ಎಂದು ನಿಮ್ಮ ಸೂಪರ್‌ವೈಸರ್ ಹೇಳಿ ಕಳಿಸಿದ್ದಾನೆ. ನನ್ನ ಮಗ ತೀರಿಕೊಂಡ ಮೇಲೆ ನಮ್ಮ ಒಲೆ ಉರಿಯುವುದು ಅವಳ ಆ ಕೆಲಸದಿಂದ. ಈ ತೆಲುಗು ಊರಿನಲ್ಲಿ ನೀವೂ ನಮ್ಮ ಹಾಗೆ ಕಲಬುರಗಿ ಕಡೆಯವರು, ಮನೆಯಲ್ಲಿ ಕನ್ನಡ ಆಡುತ್ತೀರಿ ಎಂದು ಕೇಳಿದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಮರ್ಯಾದೆಯ ಮಾತು ಕಡಿಮೆ ಬಿದ್ದಲ್ಲಿ ನೀವೇ ತುಂಬಿಕೊಳ್ಳಿ.

ಅವಳ ಕೈಗೆ ಆಗಿರುವುದು ಇಸುಬು. ಎಕ್ಸಿಮಾ ಎನ್ನುತ್ತಾರಲ್ಲ, ಅದೇ. ಬೆರಳ ತುದಿಯ ಚರ್ಮ ಹಳೆಯ ಗೋಡೆಯ ಸುಣ್ಣದ ಹಾಗೆ ಎದ್ದು ಉದುರುತ್ತದೆ. ರೇಖೆ ಇರಬೇಕಾದಲ್ಲಿ ಗಾಯ. ಉಪ್ಪಿನ ಡಬ್ಬಿಗೆ ಕೈ ಹಾಕಲು ಹೆದರುತ್ತಾಳೆ. ಇದು ಎಲ್ಲಿಂದ ಬಂತು? ನಿಮ್ಮ ಫಿನಾಯಿಲ್, ನಿಮ್ಮ ಸೋಪಿನ ಪುಡಿ, ದಿನವಿಡೀ ನೀರು. ಇದು ಅಂಟುರೋಗವಲ್ಲ. ಆದರೂ ಅವಳು ಮುಟ್ಟಿದ ಲೋಟದಲ್ಲಿ ನಿಮ್ಮವರು ನೀರು ಕುಡಿಯುವುದಿಲ್ಲವಂತೆ. ಅವಳು ತೊಳೆದ ಪಾಯಖಾನೆಗೆ ಹೋಗುವಾಗ ಈ ಭಯ ಎಲ್ಲಿರುತ್ತದೆ?

ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಚರ್ಮದ ಕಾವಲು ಕೆಟ್ಟಿದೆ ಎಂದರು ಡಾಕ್ಟರು. ಕೈ ತೊಳೆದ ಕೂಡಲೇ, ಪಸೆ ಆರುವ ಮೊದಲೇ, ದಪ್ಪಗೆ ಮುಲಾಮು ಹಚ್ಚಬೇಕು, ಒರೆಸಬಾರದು. ಉರಿ ಹೆಚ್ಚಾದಾಗ ಹಚ್ಚುವ ಟ್ಯೂಬು ಬೇರೆ. ಅದನ್ನು ಅವರು ಹೇಳಿದಷ್ಟು ದಿನ ಮಾತ್ರ. ಕೆಲಸಕ್ಕೆ ಒಳಗೆ ಹತ್ತಿಯ ಕೈಗವಸು, ಮೇಲೆ ರಬ್ಬರಿನದು. ಪೂರಾ ಹೋಗುತ್ತದೆಯೇ ಎಂದು ಕೇಳಿದೆ. ಹೋದರೂ ಮತ್ತೆ ಬರಬಹುದು, ಹಿಡಿತದಲ್ಲಿ ಇಟ್ಟುಕೊಳ್ಳಬಹುದು ಎಂದರು. ನೇರ ಮಾತು. ಬಯ್ಯಲು ಏನೂ ಸಿಗಲಿಲ್ಲ.

ಈಗ ನಿಮ್ಮ ಕಾಯಿದೆ ನೋಡಿ. ಬೆರಳಿಗೆ ಮುಲಾಮು ಇದ್ದರೆ ಯಂತ್ರ ಹಿಡಿಯುವುದಿಲ್ಲ, ಸಾಬೂನು ಹಚ್ಚಿ ತಿಕ್ಕಿಕೊಂಡು ಬಾ ಎನ್ನುತ್ತಾನೆ ಸೂಪರ್‌ವೈಸರ್. ತಿಕ್ಕಿದರೆ ಚರ್ಮ ಬಿರಿಯುತ್ತದೆ. ಬಿರಿದರೆ ಯಂತ್ರ ಮತ್ತೆ ಹಿಡಿಯುವುದಿಲ್ಲ. ಇಂಥ ಜಾಣತನ ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?

ಮೊನ್ನೆ ಬೆಳಿಗ್ಗೆ ಬಚ್ಚಲಿಗೆ ಹೋದರೆ, ಹೆಬ್ಬೆರಳಿಗೆ ನಿಂಬೆಹೋಳು ಹಿಂಡಿಕೊಂಡು ಹಿಮ್ಮಡಿ ಉಜ್ಜುವ ಕಲ್ಲಿಗೆ ತಿಕ್ಕುತ್ತ ಕೂತಿದ್ದಾಳೆ. ಕಲ್ಲಿನ ಮೇಲೆ ರಕ್ತ.

"ಏನ್ ಮಾಡಾಕತ್ತೀ? ತಲಿಗಿಲಿ ಕೆಟ್ಟೈತೇನು?" ಎಂದೆ.

"ಜಿಡ್ಡು ಹೋಗಬೇಕ್ರಿ ಅತ್ತಿ. ಇಲ್ಲಾಂದ್ರ ಮಶಿನ್ ತಗೊಳ್ಳಾಂಗಿಲ್ಲ."

"ನಡಿ, ನನ್ನ ಹೆಬ್ಬಟ್ಟು ಕೊಡ್ತೀನಿ ಅದಕ್ಕ."

"ನೀವು ಬೈದ್ ಬೈದ್ ಆ ಮಶಿನ್ನೂ ಕೆಡಸ್ತೀರಿ," ಎಂದು ನಗಲು ನೋಡಿದಳು. ಆಮೇಲೆ ಮತ್ತೆ ಕಲ್ಲಿಗೆ ಕೈ ಹಾಕಿದಳು. ಕಸಿದು ಎಸೆದೆ.

ಅಂದೂ ಕೆಲಸಕ್ಕೆ ಹೋದಳು. ಅಂದೂ ಯಂತ್ರ ಒಲ್ಲೆ ಎಂದಿತು. ದಿನವಿಡೀ ದುಡಿಸಿಕೊಂಡು ಗೈರುಹಾಜರಿ ಹಾಕಿದರು.

ನನ್ನಲ್ಲಿ ಸಿಟ್ಟು ಮುಗಿದಿದೆ, ಸಾಹೇಬರೇ. ಹೆದರಿಕೆ ಉಳಿದಿದೆ. ನಾಳೆ ಅವಳು ಕಲ್ಲು ಬಿಟ್ಟು ಇನ್ನೇನು ಹಿಡಿಯುತ್ತಾಳೋ ಎಂದು ಬಚ್ಚಲ ಬಾಗಿಲು ಕಾಯುತ್ತಿದ್ದೇನೆ. ಸೋಮವಾರ ನಿಮ್ಮ ಕೋಣೆಯಿಂದ ಇಳಿದು ಬನ್ನಿ. ಅವಳ ಮುಖ ನೋಡಿ, ಬಂದಿದ್ದಾಳೆ ಎಂದು ನಿಮ್ಮ ಕೈಯಿಂದ ಬರೆಯಿರಿ. ಬೆರಳು ಗುಣವಾಗುವ ತನಕ ಸಹಿ ತೆಗೆದುಕೊಳ್ಳಿ. ಕೈಗವಸು ಕೊಡಿಸಿ. ಮುಲಾಮು ಒರೆಸು ಎಂದು ಇನ್ನು ಯಾರೂ ಹೇಳಕೂಡದು. ಇಷ್ಟೂ ಆಗದಿದ್ದರೆ, ಅವಳು ಬಾರದ ಆ ದಿನಗಳಲ್ಲಿ ನಿಮ್ಮ ಪಾಯಖಾನೆ ತೊಳೆದವರು ಯಾರೆಂದು ನಿಮ್ಮ ಯಂತ್ರವನ್ನೇ ಕೇಳಿ ನನಗೆ ಉತ್ತರ ಬರೆಯಿರಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಇಲ್ಲದವಳ ಅತ್ತೆ,
ಗಂಗೂಬಾಯಿ
ಮೆಹದಿಪಟ್ಟಣಂ